ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದ ಮೇಲೂ ಕತ್ತು ಯಾಕೆ ಕೊಯ್ಯಬೇಕು?

ಪ್ರಶ್ನೆ: ಸರ್, ನಾವು ಗಂಗಾವತಿ ಹತ್ತಿರದವರು. ನಮ್ಮ ತಂದೆಗೆ 54 ವರ್ಷ. ರೈಸ್ ಮಿಲ್ಲಿನಲ್ಲಿ ಹಮಾಲಿ ಕೆಲಸ. ಇಪ್ಪತ್ತೈದು ವರ್ಷದಿಂದ ಗುಟ್ಕಾ ಹಾಕುತ್ತಿದ್ದರು. ಎಡಗೆನ್ನೆಯ ಒಳಗಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಗಡ್ಡೆ ಎರಡೂವರೆ ಸೆಂಟಿಮೀಟರ್, ಆಳ 6 ಮಿಲಿಮೀಟರ್ ಎಂದು ರಿಪೋರ್ಟ್. ಕತ್ತಿನ ಸಿ.ಟಿ.ಯಲ್ಲಿ ‘ಒಂದು ಸೆಂಟಿಮೀಟರಿಗಿಂತ ಸಣ್ಣ ನೋಡ್‌ಗಳಿವೆ, ಗಾತ್ರದ ಲೆಕ್ಕದಲ್ಲಿ ಮಹತ್ವವಿಲ್ಲ’ ಎಂದು ಬರೆದಿದ್ದಾರೆ. ಆದರೂ ಸರ್ಜನ್ ಕೆನ್ನೆಯ ಜೊತೆಗೆ ಕತ್ತಿನ ನೋಡ್‌ಗಳನ್ನೂ ತೆಗೆಯಬೇಕು ಅಂತಾರೆ. ನಮ್ಮ ಸಂಬಂಧಿಕರೊಬ್ಬರು, ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತೆ, ಸುಮ್ನೆ ಕತ್ತು ಯಾಕೆ ಕೊಯ್ಯಿಸ್ತೀರಿ ಅಂತಾರೆ. ಹರಡಿದೆಯೋ ಇಲ್ಲವೋ ಎಂದು ಗ್ಯಾರಂಟಿ ಹೇಳುವ ಹೊಸ ಸ್ಕ್ಯಾನ್ ಬಂದಿದೆಯಾ? ಅದಕ್ಕೆ ಬೆಂಗಳೂರಿಗೋ ಮುಂಬೈಗೋ ಹೋಗಬೇಕಾ? ತಮ್ಮನೂ ಗುಟ್ಕಾ ಹಾಕುತ್ತಾನೆ. ಅವನಿಗೂ ಒಂದು ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ನಿಮ್ಮ ಸರ್ಜನ್ ಹೇಳಿದ್ದು ಸರಿಯಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದನ್ನು ಓದುವಷ್ಟರಲ್ಲಿ ಇನ್ನೊಬ್ಬ ಸಂಬಂಧಿಕರು ಇನ್ನೊಂದು ಹೇಳಿರುತ್ತಾರೆ. ಪೆಟ್ ಸ್ಕ್ಯಾನ್‌ಗಾಗಿ ಆಪರೇಷನ್ ಮುಂದಕ್ಕೆ ಹಾಕಬೇಡಿ.

ಇನ್ನು ರಿಪೋರ್ಟಿನ ಆ ಸಾಲು. ‘ಗಾತ್ರದ ಲೆಕ್ಕದಲ್ಲಿ ಮಹತ್ವವಿಲ್ಲ.’ ಬಳ್ಳಾರಿಯಲ್ಲಿ ಕೂತು ದಿನಾ ಆ ಸಾಲು ಬರೆಯುವವರಲ್ಲಿ ನಾನೂ ಒಬ್ಬ. ಮನೆಯವರು ಅದನ್ನು ‘ಕ್ಯಾನ್ಸರ್ ಹರಡಿಲ್ಲ’ ಎಂದು ಓದಿಕೊಳ್ಳುತ್ತಾರೆ. ನಾವು ಬರೆದಿರುವುದು ಅದಲ್ಲ. ‘ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಏನೂ ಕಾಣಲಿಲ್ಲ’ ಎಂದಷ್ಟೇ ಅದರ ಅರ್ಥ. ಇವೆರಡರ ನಡುವೆ ಇರುವ ಜಾಗವೇ ನಿಮ್ಮ ಪ್ರಶ್ನೆ.

ನಿಮ್ಮ ಕಡೆ ಎಲ್ಲಾ ಭತ್ತದ ಗದ್ದೆ. ಗದ್ದೆಯ ಹೆಚ್ಚಿನ ನೀರು ಬಸಿಗಾಲುವೆಗೆ ಇಳಿದು ಹಳ್ಳ ಸೇರುತ್ತದೆ ಅಲ್ವಾ? ಮೈಯೊಳಗೂ ಹಾಗೇ ಒಂದು ಬಸಿಗಾಲುವೆ ಇದೆ. ರಕ್ತನಾಳದಿಂದ ಜಿನುಗಿದ ನೀರು ಅದರಲ್ಲಿ ಹರಿದು ಮತ್ತೆ ರಕ್ತಕ್ಕೇ ಸೇರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಜಾಲರಿ ಕಟ್ಟಿದ ಹಾಗೆ ಇರುವುದೇ ನೋಡ್‌ಗಳು. ಪುಸ್ತಕದಲ್ಲಿ ದುಗ್ಧರಸ ಗ್ರಂಥಿ ಅಂತಾರೆ, ಮನೆಯಲ್ಲಿ ಗಂಟು ಅಂತೀವಿ. ಕತ್ತಿನಲ್ಲೇ ಸುಮಾರು 300 ಇವೆ. ಕೆನ್ನೆಯ ನೀರು ಮೊದಲು ಇಳಿಯುವುದು ದವಡೆಯ ಕೆಳಗಿನ ಜಾಲರಿಗೆ. ಡಾಕ್ಟರು ಅದನ್ನು ಲೆವೆಲ್ 1 ಅಂತಾರೆ. ಅಲ್ಲಿಂದ ಕಿವಿಯ ಕೆಳಗಿನ ಲೆವೆಲ್ 2, ಆಮೇಲೆ ಲೆವೆಲ್ 3. ಹುಣ್ಣಿನಿಂದ ಕಳಚಿಕೊಂಡ ಕ್ಯಾನ್ಸರ್ ಕಣಗಳೂ, ಕಳೆಯ ಬೀಜ ನೀರಿನ ಜೊತೆ ತೇಲಿಹೋಗುವ ಹಾಗೆ, ಬಹುಪಾಲು ಇದೇ ದಾರಿ ಹಿಡಿಯುತ್ತವೆ. ಅಲ್ಲೆಲ್ಲೋ ಒಂದು ಜಾಲರಿಗೆ ಸಿಕ್ಕಿ ಅಲ್ಲೇ ಬೇರು ಬಿಡುತ್ತವೆ.

ನೋಡ್ ಕೆಟ್ಟಿದೆಯೋ ಇಲ್ಲವೋ ಎಂದು ನಾವು ಹೇಳುವುದು ಹೇಗೆ? ಸಿ.ಟಿ. ಬಂದ ಕಾಲದಿಂದ ಮುಖ್ಯ ಅಳತೆಗೋಲು ಗಾತ್ರವೇ. ನೋಡ್‌ನ ಅಡ್ಡಗಲ 10 ಮಿಲಿಮೀಟರ್ ದಾಟಿದರೆ ಅನುಮಾನ, ಕಿವಿ ಕೆಳಗಿನದಕ್ಕೆ 11. ಅದಕ್ಕಿಂತ ಕಡಿಮೆ ಇದ್ದರೆ ಬಿಡು. ಅಳೆಯೋಕೆ ಸುಲಭ, ಬರೆಯೋಕೆ ಸುಲಭ. ಆದರೆ ಇದು ಎರಡೂ ಕಡೆ ಮೋಸ ಮಾಡುತ್ತದೆ. ಹುಳುಕು ಹಲ್ಲು, ಕೀವು ತುಂಬಿದ ಒಸಡು ಇರುವವರ ಕತ್ತಿನಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು ಇದ್ದರೂ ಅದು ಬರೀ ಸೋಂಕಿನದ್ದಾಗಿರಬಹುದು. ಗುಟ್ಕಾ ಹಾಕುವ ಬಾಯಲ್ಲಿ ಹಲ್ಲು ಹೇಗಿರುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಇನ್ನೊಂದು ಕಡೆ, 6 ಮಿಲಿಮೀಟರಿನ ನೋಡ್ ಒಳಗೆ ಕ್ಯಾನ್ಸರ್ ಮನೆ ಮಾಡಿಕೊಂಡಿರಬಹುದು.

ನಾನೂ ಇದರಲ್ಲಿ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ನಾಲಿಗೆ ಕ್ಯಾನ್ಸರ್‌ನ ಒಬ್ಬ ಹೆಂಗಸಿನ ಸಿ.ಟಿ. ನನ್ನ ಕೈಗೆ ಬಂತು. ಲೆವೆಲ್ 2ರಲ್ಲಿ ಒಂದು ನೋಡ್, 8 ಮಿಲಿಮೀಟರ್. ಅಳೆದೆ, ‘ಮಹತ್ವವಿಲ್ಲ’ ಎಂದು ಬರೆದೆ, ಮುಂದಿನ ಫಿಲ್ಮ್ ತೆಗೆದುಕೊಂಡೆ. ಆಪರೇಷನ್ ಆದ ಮೇಲೆ ಪೆಥಾಲಜಿ ರಿಪೋರ್ಟ್ ಬಂತು. ಅದೇ ನೋಡ್‌ನಲ್ಲಿ ಕ್ಯಾನ್ಸರ್. ಹಳೇ ಫಿಲ್ಮ್ ತರಿಸಿ ಮತ್ತೆ ನೋಡಿದೆ. ನೋಡ್ ನಡುವೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಇತ್ತು. ಒಳಗಿನ ಭಾಗ ಸತ್ತು ಕರಗಿದ್ದರ ಗುರುತು ಅದು. ಬಾಯಿ ಕ್ಯಾನ್ಸರ್ ಇರುವವರಲ್ಲಿ ಆ ಚುಕ್ಕೆ ಕಂಡರೆ ಗಾತ್ರ ಎಷ್ಟಿದ್ದರೂ ನೋಡ್ ಕೆಟ್ಟಿದೆ ಎಂದೇ ಹಿಡಿಯಬೇಕು. ನಾನು ಸ್ಕೇಲ್ ನೋಡಿದ್ದೆ, ನೋಡ್ ನೋಡಿರಲಿಲ್ಲ. ಸರ್ಜನ್ ನನ್ನ ರಿಪೋರ್ಟನ್ನು ಪೂರ್ತಿ ನಂಬಿರಲಿಲ್ಲ, ಹಾಗಾಗಿ ಕತ್ತಿನ ನೋಡ್‌ಗಳನ್ನೂ ತೆಗೆದಿದ್ದರು. ಆ ಹೆಂಗಸು ಉಳಿದದ್ದು ಅವರಿಂದ.

ಈಗ ಅಳತೆಯ ಲೆಕ್ಕ ಸ್ವಲ್ಪ ನೋಡೋಣ, ಎಲ್ಲಾ ಸ್ಕ್ಯಾನಿನ ಜಗಳ ಇರುವುದು ಇಲ್ಲೇ. ಒಂದು ಜೋಳದ ಕಾಳು ಸುಮಾರು 4 ಮಿಲಿಮೀಟರ್. ಇವತ್ತಿನ ಒಳ್ಳೆ ಪೆಟ್ ಯಂತ್ರವೂ ಜೋಳದ ಕಾಳಿಗಿಂತ ಸಣ್ಣ ಕ್ಯಾನ್ಸರನ್ನು ನಂಬಿಕೆಯಿಂದ ತೋರಿಸುವುದಿಲ್ಲ. ಸಾಸಿವೆ, ರಾಗಿ ಒಂದೆರಡು ಮಿಲಿಮೀಟರ್. ನೋಡ್ ಒಳಗೆ 0.2ರಿಂದ 2 ಮಿಲಿಮೀಟರ್ ತನಕ ಇರುವ ಕ್ಯಾನ್ಸರಿನ ತುಣುಕಿಗೆ ಮೈಕ್ರೋ ಮೆಟಾಸ್ಟಾಸಿಸ್ ಅಂತಾರೆ. ಅಂದರೆ ರಾಗಿ ಕಾಳು, ಅಥವಾ ಅದನ್ನು ಬೀಸಿದಾಗ ಸಿಗುವ ನುಚ್ಚು. ಮೈ ಹೊರಗಿನಿಂದ ಇದನ್ನು ಖಚಿತವಾಗಿ ಹಿಡಿಯುವ ಯಾವ ಸ್ಕ್ಯಾನೂ ದಿನನಿತ್ಯದ ಬಳಕೆಗೆ ಬಂದಿಲ್ಲ. ಬೆಂಗಳೂರಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ನಿಮ್ಮ ತಂದೆಯವರ ಹಾಗೆ, ಕತ್ತು ಮುಟ್ಟಿದರೆ ಗಂಟು ಸಿಗದ, ಸ್ಕ್ಯಾನ್‌ನಲ್ಲಿ ಕಾಣದ ಬಾಯಿ ಕ್ಯಾನ್ಸರ್‌ನವರಲ್ಲಿ ನೂರಕ್ಕೆ 20ರಿಂದ 30 ಜನರ ಕತ್ತಿನಲ್ಲಿ ಈ ನುಚ್ಚು ಆಗಲೇ ಇರುತ್ತದೆ.

ಹಾಗಾದರೆ ಇಷ್ಟೆಲ್ಲಾ ಯಂತ್ರಗಳು ಏನು ಮಾಡುತ್ತಿವೆ ಅಂತೀರಾ? ಕಾಣದ ಜಾಗವನ್ನು ಕಿರಿದು ಮಾಡುತ್ತಿವೆ. ಅದೂ ದೊಡ್ಡ ಕೆಲಸವೇ.

ಮೊದಲು ಅಲ್ಟ್ರಾಸೌಂಡ್. ಬಸುರಿಗೆ ಮಾಡುತ್ತಾರಲ್ಲ ಅದೇ ಯಂತ್ರ, ಬೇರೆ ಪ್ರೋಬ್. ಜನಕ್ಕೆ ಇದರ ಮೇಲೆ ಗೌರವ ಕಡಿಮೆ. ‘ಬರೀ ಸ್ಕ್ಯಾನಿಂಗಾ ಸರ್, ದೊಡ್ಡ ಸ್ಕ್ಯಾನ್ ಬರೆದುಕೊಡಿ’ ಅಂತಾರೆ. ಆದರೆ ಕತ್ತಿನ ನೋಡ್‌ಗಳು ಚರ್ಮದ ಕೆಳಗೇ ಇರುತ್ತವೆ, ಅಷ್ಟು ಹತ್ತಿರದಲ್ಲಿ ಈ ಪ್ರೋಬ್ ತೋರಿಸುವಷ್ಟು ನಯವಾಗಿ ಸಿ.ಟಿ. ತೋರಿಸುವುದಿಲ್ಲ. ಒಳ್ಳೆ ನೋಡ್ ಅಂದರೆ ಅಲಸಂದಿ ಕಾಳು ನೆನಪು ಮಾಡಿಕೊಳ್ಳಿ. ಉದ್ದನೆ ಆಕಾರ, ಬದಿಯಲ್ಲಿ ಒಂದು ಕಣ್ಣು. ರಕ್ತನಾಳ ಒಳಗೆ ಹೋಗುವುದು ಆ ಕಣ್ಣಿನಿಂದ. ಅಲ್ಟ್ರಾಸೌಂಡ್‌ನಲ್ಲಿ ಆ ಕಣ್ಣು ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಹೊಕ್ಕರೆ ಅಲಸಂದಿ ಹೋಗಿ ಬಟಾಣಿ ಆಗುತ್ತದೆ. ದುಂಡಗೆ, ಕಣ್ಣಿಲ್ಲದೆ. ಡಾಪ್ಲರ್ ಹಾಕಿದರೆ ರಕ್ತ ನಡುವಿನಿಂದ ಹರಿಯುವ ಬದಲು ಅಂಚಿನಿಂದ ನುಗ್ಗುವುದು ಕಾಣುತ್ತದೆ. ಹೊಸ ಯಂತ್ರಗಳಲ್ಲಿ ನೋಡ್ ಎಷ್ಟು ಗಟ್ಟಿಯಿದೆ ಎಂದು ಬಣ್ಣದಲ್ಲಿ ತೋರಿಸುವ ಎಲಾಸ್ಟೋಗ್ರಫಿಯೂ ಇದೆ.

ಇದರ ನಿಜವಾದ ಲಾಭ ಬೇರೆಯೇ. ಅನುಮಾನದ ನೋಡ್ ಕಂಡರೆ ಪ್ರೋಬ್ ಕೈಯಲ್ಲಿರುವಾಗಲೇ ಸೂಜಿ ಹಾಕಿ ನಾಲ್ಕು ಕಣ ತೆಗೆದು ಗಾಜಿನ ಮೇಲೆ ಹಚ್ಚಬಹುದು. ಎಫ್‌ಎನ್‌ಎಸಿ ಅಂತಾರೆ. ರಕ್ತ ತೆಗೆಯುವ ಸೂಜಿಗಿಂತಲೂ ಇದು ಸಪೂರ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಎಂಬ ಮಾತು ನಮ್ಮ ಕಡೆ ಕೇಳಿ ಕೇಳಿ ಸಾಕಾಗಿದೆ. ಕತ್ತಿನ ನೋಡ್‌ಗೆ ಸಣ್ಣ ಸೂಜಿ ಹಾಕಲು ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಇನ್ನೊಂದಕ್ಕೆ: ಬಾಯಿಯನ್ನೇ ನೋಡದೆ, ಕತ್ತಿನ ಗಂಟು ಎಂದು ಎಲ್ಲೋ ಒಂದು ಕಡೆ ಕೊಯ್ದು ಹೊರತೆಗೆಯುವುದು. ಅದು ಮುಂದಿನ ಆಪರೇಷನ್ನಿನ ದಾರಿಯನ್ನೇ ಕೆಡಿಸುತ್ತದೆ.

ಸೂಜಿ ಪರೀಕ್ಷೆ ನಮ್ಮ ಕಡೆ ಇನ್ನೊಂದು ಕಾರಣಕ್ಕೂ ಬೇಕು. ಟಿ.ಬಿ. ಟಿ.ಬಿ. ಗಂಟಿನ ನಡುವೆಯೂ ಕರಗಿದ ಕಪ್ಪು ಜಾಗ ಇರುತ್ತದೆ. ಅದೂ ದುಂಡಗಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಪೆಟ್‌ನಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ. ಚಿತ್ರ ನೋಡಿ ಎರಡನ್ನೂ ಬೇರೆ ಮಾಡುತ್ತೇನೆ ಎಂದು ಯಾರಾದರೂ ಆಣೆ ಇಟ್ಟರೆ ನಂಬಬೇಡಿ. ಕ್ವಾರಿ, ಗಣಿಗಳಲ್ಲಿ ವರ್ಷಗಟ್ಟಲೆ ಕಲ್ಲುಪುಡಿ ಉಸಿರಾಡಿದವರ ಎದೆಯ ನೋಡ್‌ಗಳೂ ಹೀಗೇ ಹೊಳೆಯುತ್ತವೆ. ಆದ್ದರಿಂದ ತಂದೆ ಯಾವ ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತಾ ಎಂದು ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ. ಅವರು ಕೇಳದಿದ್ದರೂ ಹೇಳಿ.

ಸಿ.ಟಿ. ಆಗಿದೆ, ಅದರ ಬಗ್ಗೆ ಒಂದೇ ಮಾತು. ಕೆನ್ನೆ ಕ್ಯಾನ್ಸರ್‌ಗೆ ಸಿ.ಟಿ. ಮಾಡುವಾಗ ಬಲೂನ್ ಊದುವ ಹಾಗೆ ಕೆನ್ನೆ ಉಬ್ಬಿಸಿ ಉಸಿರು ಹಿಡಿಸಬೇಕು. ಇಲ್ಲದಿದ್ದರೆ ಕೆನ್ನೆ ಒಸಡಿಗೆ ಅಂಟಿಕೊಂಡು, ಗಡ್ಡೆ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ನಿಮ್ಮ ತಂದೆಯವರಿಗೆ ಹಾಗೆ ಮಾಡಿಸಿದ್ದರಾ ಕೇಳಿ. ಎಂಆರ್‌ಐಯಲ್ಲಿ ಗಡ್ಡೆಯ ಆಳ ಚೆನ್ನಾಗಿ ಸಿಗುತ್ತದೆ. ನೀರಿನ ಕಣಗಳ ಓಡಾಟ ಅಳೆಯುವ ಡಿಫ್ಯೂಷನ್ ಎಂಬ ಚಿತ್ರ ನೋಡ್‌ಗೂ ಒಂದಿಷ್ಟು ಸಹಾಯ ಮಾಡುತ್ತದೆ. ಆದರೂ ನುಚ್ಚು ಅಲ್ಲೂ ಕಾಣುವುದಿಲ್ಲ.

ಈಗ ನಿಮ್ಮ ಸಂಬಂಧಿಕರ ಪೆಟ್ ಸ್ಕ್ಯಾನ್. ಕ್ಯಾನ್ಸರ್ ಕಣಗಳಿಗೆ ಸಕ್ಕರೆ ಹಸಿವು ಜಾಸ್ತಿ. ಗ್ಲೂಕೋಸ್‌ಗೆ ಫ್ಲೋರಿನ್-18 ಎಂಬ ವಿಕಿರಣ ವಸ್ತು ಅಂಟಿಸಿ ನರಕ್ಕೆ ಕೊಡುತ್ತಾರೆ. ಒಂದು ಗಂಟೆ ಸುಮ್ಮನೆ ಮಲಗಿಸುತ್ತಾರೆ. ಯಾವ ಜಾಗ ಜಾಸ್ತಿ ಸಕ್ಕರೆ ನುಂಗಿತೋ ಅದು ಚಿತ್ರದಲ್ಲಿ ಹೊಳೆಯುತ್ತದೆ. ಈ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಬೆಂಗಳೂರಲ್ಲಿ ಬೆಳಗ್ಗೆ ತಯಾರಾದ ಔಷಧಿ ಗಾಡಿಯಲ್ಲಿ ಐದೂವರೆ ಗಂಟೆ ಓಡಿ ಬಳ್ಳಾರಿಗೆ ಬಂದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ನಮ್ಮ ಕಡೆಯವರು ಪೆಟ್‌ಗೆ ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ರೈಲು ಹತ್ತುವುದಕ್ಕೆ ಈ ಗಡಿಯಾರವೂ ಒಂದು ಕಾರಣ.

ಅದು ಕತ್ತಿನ ಬಗ್ಗೆ ಎಷ್ಟು ಹೇಳುತ್ತದೆ? ಕತ್ತಿನಲ್ಲಿ ಗಂಟು ಸಿಗದ 287 ರೋಗಿಗಳ ಮೇಲೆ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಧ್ಯಯನ 2019ರಲ್ಲಿ ಬಂತು. ಪೆಟ್‌ನಲ್ಲಿ ಕಣ್ಣಿಗೆ ಕ್ಲೀನ್ ಕಂಡ ಕತ್ತುಗಳಲ್ಲಿ ನೂರಕ್ಕೆ ಸುಮಾರು 87 ಮಾತ್ರ ನಿಜಕ್ಕೂ ಕ್ಲೀನ್ ಇದ್ದವು. ಹೊಳಪನ್ನು ಅಂಕಿಯಲ್ಲಿ ಅಳೆದು, ಇಷ್ಟು ದಾಟಿದರೆ ಅನುಮಾನ ಎಂಬ ಗೆರೆಯನ್ನು ತೀರಾ ಕೆಳಗೆ ಹಾಕಿದರೆ ಅದು 94ರ ಹತ್ತಿರ ಹೋಯಿತು. ಆದರೆ ಗೆರೆ ಅಷ್ಟು ಕೆಳಗಿಟ್ಟರೆ ಕ್ಯಾನ್ಸರ್ ಇಲ್ಲದ ನೋಡ್‌ಗಳೂ ಅಪರಾಧಿಗಳಾಗುತ್ತವೆ. ಐದು ಜನರಲ್ಲಿ ಒಬ್ಬರಿಗೆ ಸರ್ಜನ್‌ಗಳು ಪೆಟ್ ನೋಡಿ ಆಪರೇಷನ್ನಿನ ಯೋಜನೆ ಬದಲಿಸಿದರು. ಕೆಟ್ಟ ಯಂತ್ರವಲ್ಲ, ಒಳ್ಳೆಯದೇ. ಆದರೆ ನಿಮ್ಮ ತಂದೆಯವರ ಲೆಕ್ಕ ಹಾಕಿ ನೋಡಿ. ಪೆಟ್ ಹೊಳೆದರೆ ಕತ್ತು ತೆಗೆಯಬೇಕು. ಹೊಳೆಯದಿದ್ದರೂ ನೂರರಲ್ಲಿ ಉಳಿದ ಆ 13 ಜನರ ಪೈಕಿ ಅವರೂ ಒಬ್ಬರಾಗಿರಬಹುದು, ಆಗಲೂ ತೆಗೆಯಬೇಕು. ಎರಡೂ ಉತ್ತರಕ್ಕೆ ಮಾಡುವ ಕೆಲಸ ಒಂದೇ ಆದರೆ ಸಾವಿರಗಟ್ಟಲೆ ಹಣ, ಎರಡು ವಾರ ಯಾಕೆ ಕಳೆಯಬೇಕು?

ಪೆಟ್ ನಿಜವಾಗಿ ಕತ್ತು ಉಳಿಸಿದ ಜಾಗ ಬೇರೆ. ಗಂಟಲು ಕ್ಯಾನ್ಸರ್ ದೊಡ್ಡದಾಗಿ, ಮೊದಲೇ ನೋಡ್ ಕೆಟ್ಟು, ಕರೆಂಟ್ (ರೇಡಿಯೇಷನ್) ಮತ್ತು ಕೀಮೋ ಕೊಟ್ಟವರ ಕತೆ. ಮೊದಲೆಲ್ಲಾ ಚಿಕಿತ್ಸೆ ಮುಗಿದ ಮೇಲೂ, ಏನಾದರೂ ಉಳಿದಿದ್ದರೆ ಎಂಬ ಭಯಕ್ಕೆ ಕತ್ತು ತೆಗೆಯುತ್ತಿದ್ದರು. ಬ್ರಿಟನ್ನಿನಲ್ಲಿ 564 ಜನರ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ 2016ರಲ್ಲಿ ಬಂತು. ಚಿಕಿತ್ಸೆ ಮುಗಿದ 12 ವಾರಕ್ಕೆ ಪೆಟ್ ಮಾಡಿ, ಅನುಮಾನ ಇದ್ದವರಿಗೆ ಮಾತ್ರ ಆಪರೇಷನ್. ಆ ಗುಂಪಿನಲ್ಲಿ ಕತ್ತಿನ ಆಪರೇಷನ್ ಆದದ್ದು 54, ಇನ್ನೊಂದು ಗುಂಪಿನಲ್ಲಿ 221. ಎರಡು ವರ್ಷದ ಮೇಲೆ ಬದುಕುಳಿದವರು ಪೆಟ್ ಗುಂಪಿನಲ್ಲಿ ನೂರಕ್ಕೆ 84.9, ಆಪರೇಷನ್ ಗುಂಪಿನಲ್ಲಿ 81.5. ಅಲ್ಲಿ ಪೆಟ್‌ನ ಉತ್ತರ ಮುಂದಿನ ಕೆಲಸವನ್ನೇ ಬದಲಿಸುತ್ತದೆ. ಪ್ರಾಸ್ಟೇಟ್‌ನಲ್ಲೂ ಹೀಗೇ. ಸಕ್ಕರೆ ಬದಲು ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹುಡುಕಿ ಅಂಟುವ ಔಷಧಿ ಬಳಸುವ ಪೆಟ್, 2020ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ನೂರಕ್ಕೆ 92 ಸರಿ ಹೇಳಿತು. ಸಿ.ಟಿ. ಮತ್ತು ಮೂಳೆ ಸ್ಕ್ಯಾನ್ ಸೇರಿ ಹೇಳಿದ್ದು 65. ಬಾಯಿ ಕ್ಯಾನ್ಸರ್‌ಗೆ ಅಂಥ ಹೇಳಿಮಾಡಿಸಿದ ಔಷಧಿ ಇನ್ನೂ ದಿನನಿತ್ಯಕ್ಕೆ ಸಿಕ್ಕಿಲ್ಲ.

‘ಹೊಸ ಸ್ಕ್ಯಾನ್’ ಅಂದಿರಲ್ಲ, ನನಗೆ ತುಂಬಾ ಇಷ್ಟವಾದ ಒಂದರ ಕತೆ ಹೇಳುತ್ತೇನೆ. ಅದು ಕಬ್ಬಿಣದ್ದು. ಸಂಡೂರಿನ ಕೆಂಪು ದೂಳು ತಿಂದು ಬೆಳೆದವನಿಗೆ ಇಷ್ಟವಾಗದೆ ಇರುತ್ತದಾ! ಕಬ್ಬಿಣದ ಆಕ್ಸೈಡನ್ನು ಕಣ್ಣಿಗೇ ಕಾಣದಷ್ಟು ಸಣ್ಣ ಪುಡಿ ಮಾಡಿ ನರಕ್ಕೆ ಕೊಡುತ್ತಾರೆ. ಒಂದು ದಿನ ಕಾಯುತ್ತಾರೆ. ಒಳ್ಳೆ ನೋಡ್‌ನಲ್ಲಿ ಕಸ ತಿನ್ನುವ ಕಣಗಳಿರುತ್ತವೆ, ಅವು ಈ ಕಬ್ಬಿಣವನ್ನು ನುಂಗುತ್ತವೆ. ಎಂಆರ್‌ಐಯಲ್ಲಿ ಆ ನೋಡ್ ಕಪ್ಪಾಗುತ್ತದೆ. ಕ್ಯಾನ್ಸರ್ ಕೂತ ಜಾಗದಲ್ಲಿ ಕಸ ತಿನ್ನುವವರಿಗೆ ಜಾಗವೇ ಇಲ್ಲ, ಅದು ಬೆಳ್ಳಗೇ ಉಳಿಯುತ್ತದೆ. ಗಾತ್ರ ಅಳೆಯುವ ಗೋಜೇ ಇಲ್ಲ. ನೋಡ್ ತನ್ನ ಕೆಲಸ ಮಾಡುತ್ತಿದೆಯಾ ಎಂದು ನೇರವಾಗಿ ಕೇಳಿದ ಹಾಗೆ. ಮುಕೇಶ್ ಹರಿಸಿಂಘಾನಿ, ಯೆಲ್ಲೆ ಬಾರೆಂಟ್ಸ್ ಮತ್ತು ಸಂಗಡಿಗರು 80 ಪ್ರಾಸ್ಟೇಟ್ ರೋಗಿಗಳಲ್ಲಿ ಇದನ್ನು ಮಾಡಿ 2003ರಲ್ಲಿ ಪ್ರಕಟಿಸಿದರು. ಮಾಮೂಲಿ ಎಂಆರ್‌ಐ ನೂರು ಕೆಟ್ಟ ನೋಡ್‌ಗಳಲ್ಲಿ 35 ಹಿಡಿದರೆ, ಕಬ್ಬಿಣ ಕೊಟ್ಟ ಮೇಲೆ 90 ಸಿಕ್ಕವು. ನಾವೆಲ್ಲಾ ಕುಣಿದೆವು. ಆದರೆ ಔಷಧಿಗೆ ಬೇಕಾದ ಮಂಜೂರಾತಿ ಸಿಗಲಿಲ್ಲ, ಕಂಪನಿ ಕೈಬಿಟ್ಟಿತು. ಆಮೇಲೆ ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟರು. ನಮ್ಮಲ್ಲಿ ದಿನನಿತ್ಯದ ಬಳಕೆಯಲ್ಲಿಲ್ಲ. ಚೆನ್ನಾಗಿರುವುದೆಲ್ಲಾ ಸಂತೆಗೆ ಬರುವುದಿಲ್ಲ ನೋಡಿ.

ಇದಕ್ಕಿಂತ ನಿಮಗೆ ಹತ್ತಿರದ್ದು ಇನ್ನೊಂದಿದೆ, ಸೆಂಟಿನೆಲ್ ನೋಡ್ ಬಯಾಪ್ಸಿ. ನಾನು ಕಾವಲು ನೋಡ್ ಅನ್ನುತ್ತೇನೆ. ಯೋಚನೆ ಸರಳ. ಬಸಿಗಾಲುವೆಯ ಮೊದಲ ಜಾಲರಿಯನ್ನು ಮಾತ್ರ ತೆಗೆದು ನೋಡು, ಅಲ್ಲಿ ಕಳೆ ಬೀಜ ಇಲ್ಲದಿದ್ದರೆ ಮುಂದೆಯೂ ಇರುವುದು ಕಷ್ಟ. ಗಡ್ಡೆಯ ಸುತ್ತ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಚುಚ್ಚುತ್ತಾರೆ. ಗಾಮಾ ಕ್ಯಾಮೆರಾದಲ್ಲಿ ಅದು ಹರಿದು ಮೊದಲು ಯಾವ ನೋಡ್‌ನಲ್ಲಿ ನಿಂತಿತು ಎಂದು ಕಾಣುತ್ತದೆ. ಆಪರೇಷನ್ ಟೇಬಲ್ ಮೇಲೆ ಸರ್ಜನ್ ಕೈಯ ಪ್ರೋಬ್ ಆ ನೋಡ್ ಹತ್ತಿರ ಹೋದಂತೆ ಕುಂಯ್‌ಗುಟ್ಟುತ್ತದೆ. ಜೊತೆಗೆ ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ ಕೊಟ್ಟರೆ ವಿಶೇಷ ಕ್ಯಾಮೆರಾದಲ್ಲಿ ನೋಡ್ ದೀಪದ ಹಾಗೆ ಬೆಳಗುತ್ತದೆ. ಆ ಒಂದೆರಡು ನೋಡ್ ತೆಗೆದು ಪೆಥಾಲಜಿಸ್ಟ್ ಕೂದಲೆಳೆ ದಪ್ಪದ ಅಂತರದಲ್ಲಿ ಸೀಳಿ ಸೀಳಿ ನೋಡುತ್ತಾರೆ. ನುಚ್ಚು ಸಿಗುವುದು ಇಲ್ಲಿ, ಮೈಕ್ರೋಸ್ಕೋಪಿನ ಕೆಳಗೆ. ಅಂದರೆ ಸ್ಕ್ಯಾನ್ ಕ್ಯಾನ್ಸರ್ ಹುಡುಕುವುದಿಲ್ಲ, ಎಲ್ಲಿ ಹುಡುಕಬೇಕು ಎಂದು ಬೆರಳು ತೋರಿಸುತ್ತದೆ. ಈಗಿರುವ ಎಲ್ಲಾ ದಾರಿಗಳಲ್ಲಿ ಇದು ಬುದ್ಧಿವಂತರದ್ದು ಎಂದು ನನ್ನ ಅನಿಸಿಕೆ.

ಸಣ್ಣ ಬಾಯಿ ಕ್ಯಾನ್ಸರ್‌ಗಳಲ್ಲಿ ಇದು ಪೂರ್ತಿ ಕತ್ತಿನ ಆಪರೇಷನ್ನಿಗಿಂತ ಹಿಂದೆ ಬೀಳುವುದಿಲ್ಲ ಎಂದು 2020ರಲ್ಲಿ ಫ್ರಾನ್ಸಿನಿಂದ, 2021ರಲ್ಲಿ ಜಪಾನಿನಿಂದ ಬಂದ ಅಧ್ಯಯನಗಳು ಹೇಳಿವೆ. ಭುಜ ಎತ್ತುವ ನರಕ್ಕೆ ತೊಂದರೆಯೂ ಕಡಿಮೆ. ಹಮಾಲಿ ಕೆಲಸದವರಿಗೆ ಭುಜ ಅಂದರೆ ಅನ್ನ, ಹಾಗಾಗಿ ಇದನ್ನು ಕೇಳಿ ನೋಡುವುದು ತಪ್ಪಲ್ಲ. ಆದರೆ ಇದಕ್ಕೆ ಗಾಮಾ ಕ್ಯಾಮೆರಾ ಬೇಕು, ಅಭ್ಯಾಸವಿರುವ ಸರ್ಜನ್ ಬೇಕು, ತಾಳ್ಮೆಯ ಪೆಥಾಲಜಿಸ್ಟ್ ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಮಾಡಿಸಬೇಡಿ. ನೋಡ್ ಕೆಟ್ಟಿದ್ದರೆ ಇನ್ನೊಮ್ಮೆ ಆಪರೇಷನ್ ಆಗಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಕಂಪ್ಯೂಟರಿನ ಕೃತಕ ಬುದ್ಧಿಮತ್ತೆ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಅದು ನೋಡ್‌ನ ಸ್ಲೈಡ್ ಓದುವುದರಲ್ಲಿ ಚುರುಕಾಗಿದೆ. 2017ರಲ್ಲಿ ಬಂದ ಒಂದು ಸ್ಪರ್ಧೆಯ ಫಲಿತಾಂಶದಲ್ಲಿ, ಸ್ತನ ಕ್ಯಾನ್ಸರ್‌ನ ನೋಡ್ ಸ್ಲೈಡ್‌ಗಳನ್ನು ಗಡಿಬಿಡಿಯಲ್ಲಿ ಓದಿದ 11 ಪೆಥಾಲಜಿಸ್ಟ್‌ಗಳಿಗಿಂತ ಕಂಪ್ಯೂಟರ್ ಮುಂದಿತ್ತು. ಸಮಯದ ಹಂಗಿಲ್ಲದೆ ಕೂತು ಓದಿದ ಒಬ್ಬರಿಗೆ ಸಮ ಇತ್ತು. ಸಿ.ಟಿ.ಯಲ್ಲೂ ಪ್ರಯತ್ನ ನಡೆದಿದೆ. ಆದರೆ ಚಿತ್ರದಲ್ಲಿ ಮೂಡದೇ ಇರುವುದನ್ನು ಯಾವ ಬುದ್ಧಿಯೂ ಓದಲಾರದು.

ಇನ್ನು ಕತ್ತು ಕೊಯ್ಯುವುದರಿಂದ ಏನು ಲಾಭ ಎಂಬುದಕ್ಕೆ ಉತ್ತರ ನಮ್ಮ ದೇಶದಿಂದಲೇ ಬಂದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ತಂಡ ನಿಮ್ಮ ತಂದೆಯವರಂಥದ್ದೇ ರೋಗಿಗಳನ್ನು ತೆಗೆದುಕೊಂಡಿತು. ಸಣ್ಣ ಬಾಯಿ ಕ್ಯಾನ್ಸರ್, ಕತ್ತಿನಲ್ಲಿ ಗಂಟಿಲ್ಲ. ಅರ್ಧ ಜನರಿಗೆ ಬಾಯಿಯ ಜೊತೆಗೇ ಕತ್ತು ತೆಗೆದರು. ಉಳಿದವರಿಗೆ ಬಾಯಿ ಮಾತ್ರ. ಕತ್ತಿಗೆ, ಗಂಟು ಬಂದರೆ ಆಗ ನೋಡೋಣ ಎಂದು ಕಾದರು. 2015ರಲ್ಲಿ ಫಲಿತಾಂಶ ಬಂತು. ಮೂರು ವರ್ಷಕ್ಕೆ ಮೊದಲ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 80. ಕಾದ ಗುಂಪಿನಲ್ಲಿ 67.5. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಹೊಸ ಔಷಧಿ ತಂದಿದ್ದರೆ ಊರೆಲ್ಲಾ ಜಾಹೀರಾತು ಇರುತ್ತಿತ್ತು. ಗಡ್ಡೆಯ ಆಳ 3 ಮಿಲಿಮೀಟರ್ ದಾಟಿದವರಿಗೆ ಲಾಭ ಸ್ಪಷ್ಟವಾಗಿತ್ತು. ನಿಮ್ಮ ತಂದೆಯವರದು 6.

ಆದ್ದರಿಂದ ಹೀಗೆ ಮಾಡಿ. ನಿಮ್ಮ ಸರ್ಜನ್ ಹತ್ತಿರವೇ ಹೋಗಿ, ಕತ್ತಿನ ಅಲ್ಟ್ರಾಸೌಂಡ್ ಒಂದು ಸಲ ಆಗಲಿ, ಅನುಮಾನ ಇದ್ದರೆ ಸೂಜಿ ಹಾಕಿಸೋಣ ಎಂದು ಕೇಳಿ. ಒಂದು ಬೆಳಗಿನ ಕೆಲಸ. ಕೆಟ್ಟ ನೋಡ್ ಸಿಕ್ಕರೆ ಆಪರೇಷನ್ ಇನ್ನೂ ಕೆಳಗಿನವರೆಗೆ ಹೋಗಬೇಕಾಗಬಹುದು, ಸರ್ಜನ್‌ಗೆ ಮೊದಲೇ ಗೊತ್ತಿರುವುದು ಒಳ್ಳೆಯದು. ಸಿಗದಿದ್ದರೆ ಈಗಿನ ಯೋಜನೆಯೇ ನಡೆಯಲಿ. ಇನ್ನೊಬ್ಬರ ಅಭಿಪ್ರಾಯ ಬೇಕೇಬೇಕು ಅನಿಸಿದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರಿನ ಕಿದ್ವಾಯಿಗೂ ಹೋಗಬಹುದು. ಆದರೆ ಒಂದೇ ಸಲ ಹೋಗಿ ತೀರ್ಮಾನ ಮಾಡಿಕೊಂಡು ಬನ್ನಿ. ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರ ಒಯ್ಯಬೇಡಿ, ಸಿ.ಟಿ.ಯ ಸಿ.ಡಿ. ಒಯ್ಯಿರಿ. ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಸ್ಲೈಡ್‌ ಕೂಡ. ಹಾಳೆ ಓದಿದರೆ ನನ್ನಂಥವನ ಅಭಿಪ್ರಾಯ ಸಿಗುತ್ತದೆ. ಸಿ.ಡಿ. ಹಾಕಿದರೆ ಅವರೇ ಆ ಕಪ್ಪು ಚುಕ್ಕೆ ಹುಡುಕಬಹುದು. ಹಣದ ವಿಷಯಕ್ಕೆ ಆಸ್ಪತ್ರೆಯ ಆರೋಗ್ಯ ಮಿತ್ರರ ಟೇಬಲ್ಲಿಗೆ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ, ದಾಖಲಾಗುವ ಮೊದಲೇ.

ಅಕಸ್ಮಾತ್ ಅಲ್ಲಿನ ಡಾಕ್ಟರು ಬೇರೆ ಕಾರಣಕ್ಕೆ ಪೆಟ್ ಬೇಕು ಅಂದರೆ, ತಂದೆಯವರಿಗೆ ಶುಗರ್ ಇದೆಯಾ ಎಂದು ಮೊದಲೇ ನೋಡಿಸಿ. ಸಕ್ಕರೆ 200 ದಾಟಿದ್ದರೆ ಚಿತ್ರ ಮಂಕಾಗುತ್ತದೆ. ಹಿಂದಿನ ದಿನ ಚೀಲ ಹೊರುವುದು ಬೇಡ, ದುಡಿದ ಸ್ನಾಯು ಸಕ್ಕರೆ ಕುಡಿಯುತ್ತದೆ. ಇಂಜೆಕ್ಷನ್ ಆದ ಮೇಲಿನ ಆ ಒಂದು ಗಂಟೆ ಮಾತಾಡಬಾರದು, ಏನನ್ನೂ ಅಗಿಯಬಾರದು. ಅಗಿದರೆ ದವಡೆಯ ಸ್ನಾಯು ಹೊಳೆದು, ಪಕ್ಕದ ನೋಡ್ ಆ ಬೆಳಕಲ್ಲಿ ಮುಚ್ಚಿಹೋಗುತ್ತದೆ. ಬಾತ್‌ರೂಮಿಗೆ ಹೋದವರು ಬಾಯಿಗೆ ಗುಟ್ಕಾ ಹಾಕಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ.

ಆಪರೇಷನ್ ಆದ ಮೇಲೆ ಬರುವ ಪೆಥಾಲಜಿ ರಿಪೋರ್ಟೇ ಕೊನೆಯ ಮಾತು. ಒಟ್ಟು ಎಷ್ಟು ನೋಡ್ ಸಿಕ್ಕವು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ನೋಡ್‌ನ ಗೋಡೆ ಒಡೆದು ಹೊರಬಂದಿತ್ತಾ ಎಂದು ಕೇಳಿ. ನೋಡ್‌ಗಳ ಲೆಕ್ಕ 10ಕ್ಕಿಂತ ಕಡಿಮೆ ಇದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಗೋಡೆ ಒಡೆದಿದ್ದರೆ ಕರೆಂಟ್ ಜೊತೆ ಕೀಮೋ ಕೂಡ ಬೇಕಾಗಬಹುದು. ಕರೆಂಟ್ ಬೇಕು ಅಂದರೆ ಅದು ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ನಾಟಿ ಮುಗಿಯಲಿ, ಹಬ್ಬ ಮುಗಿಯಲಿ ಎಂದು ತಳ್ಳಬೇಡಿ. ಭುಜದ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ, ಗಾಯ ಮಾಯ್ದ ಕೂಡಲೇ ಹಿಡಿಯಲಿ.

ಇನ್ನು ನಿಮ್ಮ ತಮ್ಮ. ಅವನಿಗೆ ಯಾವ ಸ್ಕ್ಯಾನೂ ಬೇಡ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಪಾಕೆಟ್, ತಂಬಾಕು ಇನ್ನೊಂದು ಪಾಕೆಟ್, ಬೆರೆಸಿಕೊಳ್ಳುವುದು ಅಂಗೈಯಲ್ಲಿ. ಅವನನ್ನು ಬೆಳಕಿಗೆ ಕೂರಿಸಿ ಬಾಯಿ ತೆಗೆಸಿ. ಅವನದೇ ಕೈಯ ಮೂರು ಬೆರಳು ಒಂದರ ಮೇಲೊಂದು ನೆಟ್ಟಗೆ ಇಟ್ಟು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಲು ಹೇಳಿ. ಆಮೇಲೆ ಟಾರ್ಚ್ ಹಿಡಿದು ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಬದಿಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ನೋಡಿ. ಖಾರ ತಿಂದರೆ ಉರಿಯುತ್ತಾ ಕೇಳಿ. ಮೂರು ಬೆರಳು ಹೋಗದಿದ್ದರೆ, ಅಥವಾ ಮಚ್ಚೆ ಕಂಡರೆ, ತಂದೆಯವರನ್ನು ಕರೆದುಕೊಂಡು ಹೋಗುವ ದಿನವೇ ಅವನಿಗೂ ಒಂದು ಒಪಿಡಿ ಚೀಟಿ ಮಾಡಿಸಿ.